ಚಿಕ್ಕಪ್ಪನ ಎಡೆ

ಪತ್ರ: ಹೋದ ಸಂಚಿಕೆಯಲ್ಲಿ ತಿ. ನರಸೀಪುರದ ಉತ್ಖನನದ ಬಗ್ಗೆ ಬರೆದಿದ್ದೀರಿ. ಮಡಕೆ ಚೂರು, ಕಲ್ಲಿನ ಕೊಡಲಿ ಅಂತ ಪುಟ ತುಂಬಿಸಿದ್ದೀರಿ. ಈಗ ಡಿಎನ್‌ಎ ಬಂದಿದೆಯಲ್ಲ? ಅಲ್ಲಿ ಸಿಕ್ಕ ಮೂಳೆಗಳನ್ನು ಪರೀಕ್ಷೆಗೆ ಕಳಿಸಿ. ಈ ಸೀಮೆಯ ಮೂಲ ಜನ ಯಾರು ಅಂತ ಒಂದೇ ಸಲಕ್ಕೆ ತೀರ್ಮಾನ ಆಗಲಿ. ರಕ್ತ ಸುಳ್ಳು ಹೇಳುವುದಿಲ್ಲ. ನಮ್ಮ ವಂಶದ ಏಳು ತಲೆಮಾರಿನ ಹೆಸರುಗಳನ್ನೂ ಬರೆದಿದ್ದೇನೆ, ನೋಡಿ.
– ಓದುಗರು, ಮದ್ದೂರು

ಉತ್ತರ: ಮೂರು ಪುಟ ಕೈಯಲ್ಲಿ ಪತ್ರ ಬರೆಯುವವರು ಈಗ ಎಷ್ಟು ಜನ ಇದ್ದಾರೆ ಹೇಳಿ? ಅದಕ್ಕೇ ಮೊದಲು ನಮಸ್ಕಾರ. ಜಗಳ ಆಮೇಲೆ.

ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಪಾಬೊ ಅವರು ನಿಯಾಂಡರ್ತಾಲರ, ಅಂದರೆ ಅಳಿದುಹೋದ ಒಂದು ಹಳೆಯ ಮಾನವ ಜಾತಿಯವರ, ಮೂಳೆಯಿಂದ ಡಿಎನ್‌ಎ ಓದಿ ತೋರಿಸಿದರು, 2022ರಲ್ಲಿ ನೊಬೆಲ್ ಬಂತು. ಜನ ಎಲ್ಲಿಂದ ಎಲ್ಲಿಗೆ ಹೋದರು ಅನ್ನುವುದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಹಿಂದೆ ಇರಲಿಲ್ಲ. ಒಪ್ಪಿದೆ.

ಆದರೆ ರಾಗಿಯನ್ನು ಮಿಲ್ಲಿಗೆ ಕಳಿಸುವ ಹಾಗೆ ‘ಕಳಿಸಿ’ ಅಂದುಬಿಟ್ಟಿರಲ್ಲ! ಹರಪ್ಪ ಕಾಲದ ಊರಾದ ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಜಾಸ್ತಿ ಮೂಳೆ ಮಾದರಿ ನೋಡಿದರು. ಓದುವಷ್ಟು ಡಿಎನ್‌ಎ ಸಿಕ್ಕಿದ್ದು ಒಂದರಲ್ಲಿ ಮಾತ್ರ, ಅದೂ ಒಬ್ಬ ಹೆಂಗಸಿನದು. 2019ರಲ್ಲಿ ಅಷ್ಟು ಸುದ್ದಿಯಾಗಿದ್ದು ಆ ಒಬ್ಬಳಿಂದ. ಸೆಕೆ, ತೇವ ಎರಡೂ ಡಿಎನ್‌ಎಗೆ ಆಗಿಬರುವುದಿಲ್ಲ. ಒಳಕಿವಿಯ ಸುತ್ತಲಿನ ಗಟ್ಟಿ ಮೂಳೆಯಲ್ಲಿ ಉಳಿದರೆ ಉಳಿಯಿತು. ನರಸೀಪುರದ್ದೋ, ಕಾವೇರಿ ಕಪಿಲೆ ಸೇರುವ ಜಾಗದಲ್ಲಿ ಮೂರೂವರೆ ಸಾವಿರ ವರ್ಷ ಮಲಗಿದ್ದ ಮೂಳೆ. ಅರವತ್ತರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ. ಶೇಷಾದ್ರಿ ಅವರು ಅಲ್ಲಿ ಅಗೆದಾಗ ಡಿಎನ್‌ಎ ಓದಬಹುದು ಅಂತ ಪ್ರಪಂಚದಲ್ಲಿ ಯಾರೂ ಕನಸು ಕಂಡಿರಲಿಲ್ಲ. ಬರಿಗೈಯಲ್ಲಿ ಮುಟ್ಟಿದ ಮೂಳೆಯಲ್ಲಿ ಮುಟ್ಟಿದವರ ಡಿಎನ್‌ಎಯೂ ಸೇರಿಕೊಳ್ಳುತ್ತದೆ. ನಿಮ್ಮ ‘ಮೂಲ ಜನ’ ಯಾರು ಅಂತ ನೋಡಿದರೆ ಯಾರೋ ಗುಮಾಸ್ತರು ಸಿಕ್ಕಾರು!

ಇರಲಿ. ನನ್ನ ತಕರಾರು ಇರುವುದು ‘ರಕ್ತ’ ಅನ್ನುವ ಮಾತಿನ ಮೇಲೆ.

ಇಂಗ್ಲೆಂಡಿನ ಹೇಜಲ್ಟನ್ ನಾರ್ತ್ ಅನ್ನುವಲ್ಲಿ ಸುಮಾರು 5,700 ವರ್ಷ ಹಳೆಯ ಕಲ್ಲಿನ ಸಮಾಧಿ ಇತ್ತು. ಅದರಲ್ಲಿದ್ದ 35 ಜನರ ಡಿಎನ್‌ಎ ಓದಿದ್ದಾರೆ. 27 ಜನ ಒಂದೇ ಮನೆತನದವರು, ಐದು ತಲೆಮಾರು. ಮೂಲದಲ್ಲಿ ಒಬ್ಬ ಗಂಡಸು, ಅವನಿಂದ ಮಕ್ಕಳನ್ನು ಪಡೆದ ನಾಲ್ವರು ಹೆಂಗಸರು. ಸಮಾಧಿಯ ಯಾವ ಕೋಣೆಯಲ್ಲಿ ಯಾರು ಅನ್ನುವುದು ಆ ನಾಲ್ವರಲ್ಲಿ ಯಾರ ಸಂತಾನ ಅನ್ನುವುದರ ಮೇಲೆ ಹೋಗುತ್ತದೆ. ಹಿರೇಹೆಂಡತಿ ಮಕ್ಕಳಿಗೆ ಕಾಲುವೆ ಪಕ್ಕದ ಗದ್ದೆ, ಕಿರೇಹೆಂಡತಿ ಮಕ್ಕಳಿಗೆ ಮೇಲಿನ ಹೊಲ ಅಂತ ನಮ್ಮಲ್ಲಿ ಪಾಲಾದ ಹಾಗೆ. ಇನ್ನೂ ಇದೆ. ಹೆಂಡತಿಯರಿಗೆ ಬೇರೆ ಗಂಡಸರಿಂದ ಹುಟ್ಟಿದ ಗಂಡುಮಕ್ಕಳೂ ಅಲ್ಲೇ ಮಲಗಿದ್ದಾರೆ. ಉಳಿದ 8 ಜನಕ್ಕಂತೂ ಆ ಮನೆಯವರ ಜತೆ ಹತ್ತಿರದ ರಕ್ತಸಂಬಂಧ ಸಿಗಲಿಲ್ಲ.

ಅದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಚಿಕ್ಕಪ್ಪ.

ಶ್ರೀರಂಗಪಟ್ಟಣದ ಹತ್ತಿರ ನಮ್ಮ ತಾತನ ಊರು. ಅಲ್ಲಿಗೆ ಏಳೆಂಟು ವರ್ಷದ ಹುಡುಗನೊಬ್ಬ ಯಾರದೋ ದನದ ಹಿಂದೆ ಬಂದವನು ವಾಪಸ್ ಹೋಗಲಿಲ್ಲ. ಯಾವೂರು, ಯಾರ ಮಗ, ಅಜ್ಜಿ ಕೇಳಿದರೋ ಇಲ್ಲವೋ, ತಟ್ಟೆ ಇಟ್ಟರು. ಅಷ್ಟೇ. ನಾವು ಹುಟ್ಟುವ ಹೊತ್ತಿಗೆ ಆತ ನಮಗೆ ಚಿಕ್ಕಪ್ಪ. ಅಜ್ಜಿ ಹೋದಾಗ ಹೆತ್ತ ಮಕ್ಕಳ ಜತೆ ತಲೆ ಬೋಳಿಸಿಕೊಂಡ. ಈಗ ಆತನ ಗುಡ್ಡೆಯೂ ನಮ್ಮ ಹೊಲದಲ್ಲೇ, ತಾತನ ಪಕ್ಕ. ಪಿತೃಪಕ್ಷದಲ್ಲಿ ಎಲೆ ಹಾಕಿ ಎಡೆ ಇಡುತ್ತೇವಲ್ಲ, ಸಾಲಿನ ಕೊನೆಯ ಎಲೆ ಆತನದು. ಮುದ್ದೆ, ಕೋಳಿ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಒಂದು ವರ್ಷ ಬೆಂಕಿಪೊಟ್ಟಣ ಮರೆತಿದ್ದಕ್ಕೆ ನಮ್ಮಮ್ಮ ಅತ್ತರು.

ನಾಳೆ ಯಾರೋ ಆ ಹೊಲ ಅಗೆದು ಡಿಎನ್‌ಎ ನೋಡಿದರೆ ‘ಸಂಬಂಧವಿಲ್ಲದ ಗಂಡಸು’ ಅಂತ ಬರೆಯುತ್ತಾರೆ. ಬರೆಯಲಿ, ಅವರ ಲೆಕ್ಕದಲ್ಲಿ ಅದು ಸರಿ.

ನಮ್ಮ ಮದುವೆಗಳನ್ನೇ ನೋಡಿ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಹುಡುಗಿಗೆ ಅಜ್ಜಿಯೇ ಅತ್ತೆ. ತಂದೆತಾಯಿ ಹತ್ತಿರದ ನೆಂಟರು ಅಂತ ಮಗುವಿನ ಡಿಎನ್‌ಎ ಹೇಳುತ್ತದೆ. ನೆಂಟಸ್ತನ ಬಿಟ್ಟುಹೋಗಬಾರದು ಅಂತಲೋ, ಜಮೀನು ಹೊರಗೆ ಹೋಗಬಾರದು ಅಂತಲೋ, ತಮ್ಮನಿಗೆ ಕೊಡಲೇಬೇಕು ಅಂತ ಅಕ್ಕ ಹಟ ಹಿಡಿದಳೋ, ಅದಕ್ಕೆ ಊರಿನವರನ್ನೇ ಕೇಳಬೇಕು.

ಅರಮನೆಯ ಕಥೆಯೂ ಇದೇ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಗಳ ಮಗನನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿ 1881ರಲ್ಲಿ ರಾಜ್ಯವನ್ನು ಅದೇ ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದರು. ಗಂಡಿನಿಂದ ಗಂಡಿಗೆ ಬರುವ ವೈ ಕ್ರೋಮೋಸೋಮ್ ಹಿಡಿದು ಹೊರಟರೆ ದಾರ ಅಲ್ಲೇ ಕಡಿಯುತ್ತದೆ. ಹಾಗಂತ ಆ ವರ್ಷ ದಸರಾ ನಿಂತಿತೇ?

ಬೇಜಾರು ಯಾವುದಕ್ಕೆ ಗೊತ್ತಾ? ‘ಮೂಲ ಯಾರು’ ಅಂತ ಕೇಳುವ ಪತ್ರ ತಿಂಗಳಿಗೆ ಹತ್ತು ಬರುತ್ತವೆ. ಎಲ್ಲರಿಗೂ ಉತ್ತರ ಮೊದಲೇ ಗೊತ್ತು: ನಾವೇ. ಹಳೆಯ ವಸ್ತುಗಳು ಹೇಗಿವೆ ಅಂತ ಕೇಳುವ ಪತ್ರ ಒಂದೂ ಇಲ್ಲ. ಕೆಲವು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ಹಳೆಯ ಅಗೆತವೊಂದರ ಸಾಮಾನು ನೋಡಲು ಹೋಗಿದ್ದೆ. ತಗಡಿನ ಟ್ರಂಕ್ ಎಳೆದು ತಂದರು. ಚೀಟಿಗಳನ್ನು ಗೆದ್ದಲು ತಿಂದಿತ್ತು. ಯಾವ ಗುಂಡಿಯದು, ಯಾವ ಪದರದ್ದು, ಗೊತ್ತಿಲ್ಲ. ಒಂದು ದವಡೆ ಮೂಳೆಗೆ ಹಳೆಯ ಪತ್ರಿಕೆ ಸುತ್ತಿತ್ತು. ಅದರ ಮೇಲೆ ಸಿನಿಮಾ ಜಾಹೀರಾತು. ನೀವು ಹೇಳುವ ಪರೀಕ್ಷೆಗೆ ಮೊದಲು ಆ ಚೀಟಿ ಬೇಕು ಸ್ವಾಮಿ. ಚೀಟಿ ಇಲ್ಲದ ಮೂಳೆ ಡಿಎನ್‌ಎ ಕೊಟ್ಟರೂ ಯಾವ ಕಾಲದ ಯಾರ ಜತೆ ಮಲಗಿದ್ದು ಅಂತ ಹೇಳುವವರು ಯಾರು?

ನಿಮ್ಮ ವಂಶಾವಳಿಯನ್ನು ಎರಡು ಸಲ ಓದಿದೆ. ಏಳು ತಲೆಮಾರು, ಹತ್ತೊಂಬತ್ತು ಹೆಸರು. ಒಂದೂ ಹೆಂಗಸಿನ ಹೆಸರಿಲ್ಲ. ನಿಮ್ಮ ತಂದೆಯ ತಾಯಿಯ ತವರು ಯಾವೂರು? ಮುಂದಿನ ಪತ್ರದಲ್ಲಿ ಬರೆಯಿರಿ.