ಕಾಮಗಾರಿ ಮುಗಿದರೂ ಫಲ ಕಾಣದ ಯೋಜನೆ: ನಮ್ಮ ತೋಡಿನ ಬದಿಯ ಅನುಭವ

ಜಲಸಂರಕ್ಷಣಾ ಯೋಜನೆಯೊಂದರ ಹೊಣೆ ಹೊಸದಾಗಿ ತಮಗೆ ಬಂದಿದೆ, ಕಾಮಗಾರಿ ಮುಗಿದು ಅನುದಾನವೂ ಖರ್ಚಾಗಿದೆ, ಆದರೂ ಊರವರಿಗೆ ಪ್ರಯೋಜನವಾಗಿಲ್ಲ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಕಾಸರಗೋಡಿನ ಒಳನಾಡಿನಲ್ಲಿ ಇಂಥದೇ ಯೋಜನೆಯೊಂದರಲ್ಲಿ ದುಡಿದವನಾಗಿ ಉತ್ತರಿಸುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾದರೂ ಗುಡ್ಡಗಳ ಇಳಿಜಾರಿನಿಂದ ನೀರು ಬೇಗನೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿದು ಸಮುದ್ರ ಸೇರುವುದರಿಂದ, ಮಾರ್ಚ್ ಬಂತೆಂದರೆ ಅಡಿಕೆ ತೋಟಗಳಿಗೆ ನೀರಿನ ತತ್ವಾರ. ಅದಕ್ಕೆಂದೇ ಕಿಂಡಿ ಅಣೆಕಟ್ಟುಗಳನ್ನು, ಅಂದರೆ ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ತೋಡಿನ ನೀರು ತಡೆಯುವ ಸಣ್ಣ ಕಟ್ಟಗಳನ್ನು, ಕಟ್ಟಲಾಗಿತ್ತು. ಮಾಸಿಕ ವರದಿಯಲ್ಲಿ ಎಲ್ಲದರ ಮುಂದೆಯೂ ‘ಪೂರ್ಣ’ ಎಂದಿತ್ತು. ಜನವರಿಯಲ್ಲಿ ನಾನು ಹೋಗಿ ನೋಡಿದಾಗ ಒಂದು ಅಣೆಕಟ್ಟಿನ ಹಲಗೆಗಳು ಪಕ್ಕದ ತೋಟದ ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿದು ಬಿದ್ದಿದ್ದವು, ಕಿಂಡಿಗಳಲ್ಲಿ ನೀರು ಸರಾಗವಾಗಿ ಹರಿದುಹೋಗುತ್ತಿತ್ತು. “ಹಲಗೆ ಹಾಕುವುದು ಪಂಚಾಯತಿನವರ ಕೆಲಸ ಅಲ್ಲವಾ ಮಾರಾಯರೆ, ನಮಗೆ ಯಾರು ಹೇಳಿದ್ದಾರೆ?” ಎಂದು ತೋಟದ ಹಿರಿಯರು ಕೇಳಿದರು. ಬಳಕೆದಾರರೇ ಹಾಕಬೇಕೆಂಬ ಸುತ್ತೋಲೆ ಅವರ ಮನೆಯಲ್ಲೇ ಇತ್ತು. ಕನ್ನಡ ಶಾಲೆಯಲ್ಲಿ ಕಲಿತ ಅವರಿಗೆ ಅದರ ಮಲಯಾಳ ಲಿಪಿ ಓದಲು ಬರುತ್ತಿರಲಿಲ್ಲ. ಇಲ್ಲಿನ ಕನ್ನಡಿಗರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶವಿರುವಾಗ ಹೀಗಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ಮುಂದೆ ಪ್ರತಿ ಸೂಚನೆಯನ್ನೂ ಎರಡೂ ಭಾಷೆಗಳಲ್ಲಿ ಬರೆದೆವು. ಯಾವ ಅಣೆಕಟ್ಟಿಗೆ ಯಾರು ಹಲಗೆ ಹಾಕಬೇಕೆಂಬುದನ್ನು ಹೆಸರು ಹಿಡಿದು ಗ್ರಾಮಸಭೆಯಲ್ಲಿ ಓದಿ ಹೇಳಿದೆವು.

ವರದಿಯ ನಮೂನೆಯನ್ನೂ ಬದಲಾಯಿಸಬೇಕಾಯಿತು. ಹಳೆಯದರಲ್ಲಿ ಕಾಂಕ್ರೀಟಿಗೆ, ಬಿಲ್ಲಿಗೆ ಅಂಕಣಗಳಿದ್ದವೇ ಹೊರತು ನೀರಿಗೆ ಇರಲಿಲ್ಲ. ಹಲಗೆ ಹಾಕಿದ ದಿನ, ಸೋರಿಕೆ, ಹತ್ತಿರದ ಎರಡು ಬಾವಿಗಳ ನೀರಿನ ಮಟ್ಟ, ಇಷ್ಟನ್ನು ಮಾತ್ರ ಸೇರಿಸಿದೆವು. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಮನೆಯವರೇ ಪ್ರತಿ ಶನಿವಾರ ಅಳೆದು ಹಾಲಿನ ಸೊಸೈಟಿಯ ಕರಿಹಲಗೆಯಲ್ಲಿ ಬರೆಯುತ್ತಿದ್ದರು. ಬೆಳಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು, ಇಲ್ಲವಾದರೆ ಒಂದು ವಾರದ ಅಂಕಿಯನ್ನು ಇನ್ನೊಂದು ವಾರದ್ದಕ್ಕೆ ಹೋಲಿಸಲು ಬಾರದು.

ಹಲಗೆ ಹಾಕುವ ಹೊತ್ತೂ ಮುಖ್ಯ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಮಳೆ ನಿಲ್ಲುವ ಮೊದಲೇ ಹಾಕಿದರೆ ನೆರೆಗೆ ಕೊಚ್ಚಿಹೋಗುತ್ತದೆ, ತಡವಾದರೆ ತಡೆಯಲು ನೀರೇ ಉಳಿದಿರುವುದಿಲ್ಲ. ಮರುವರ್ಷ ಹರಿವು ಇಳಿಯುತ್ತಿದ್ದಂತೆ ಹಾಕಿದೆವು. ಒಂದು ಕಡೆ ಎರಡು ಸಾಲು ಹಲಗೆಗಳ ನಡುವಿನ ಮಣ್ಣು ಕುಸಿದು ಸೋರತೊಡಗಿದಾಗ, ಬಾವಿಯ ಮಟ್ಟ ಇಳಿದುದನ್ನು ಕರಿಹಲಗೆಯಲ್ಲಿ ಓದಿದವರೇ ವಾರದೊಳಗೆ ಮಣ್ಣು ತುಂಬಿದರು. ಇನ್ನೊಂದು ಅಣೆಕಟ್ಟಿನ ಇಕ್ಕೆಲದ ತೋಟದವರ ಗಡಿ ತಕರಾರು ಮಾತ್ರ ಬಗೆಹರಿಯಲಿಲ್ಲ, ಅಲ್ಲಿ ಈಗಲೂ ಹಲಗೆ ಬಿದ್ದಿಲ್ಲ.

ನೀವು ಈ ವಾರವೇ ಕಡತ ಬದಿಗಿಟ್ಟು ಸ್ಥಳಕ್ಕೆ ಹೋಗಿ, ಪ್ರತಿ ಕಾಮಗಾರಿಯ ಬಳಿ ನಿಂತು, ‘ಇದನ್ನು ನೋಡಿಕೊಳ್ಳಬೇಕಾದವರು ಯಾರು’ ಎಂದು ಅಲ್ಲಿನವರನ್ನೇ ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ.