ಪಶ್ಚಿಮದ ಗೋಡೆ ರಾತ್ರಿಯೂ ಬಿಸಿಯಾಗಿರುತ್ತದೆ. ಶಾಖ ತಡೆಯುವ ಹಾಳೆಯನ್ನು ಒಳಗೆ ಹಾಕಬೇಕೇ, ಹೊರಗೆ ಹಾಕಬೇಕೇ?

ಹೊರಗೆ ಹಾಕಿಸಿ. ಕಲಬುರಗಿ, ರಾಯಚೂರಿನಂಥ ಬಿಸಿಲೂರುಗಳಲ್ಲಿ ರಾತ್ರಿ ಮಲಗುವ ಹೊತ್ತಿಗೆ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಕೈಗೆ ತಾಗುವ ಬಿಸಿ ಮಧ್ಯಾಹ್ನದ ಬಿಸಿಲಿನದು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಶಾಖವನ್ನು ಹೀರಿ ಇಟ್ಟುಕೊಳ್ಳುತ್ತದೆ. ಅದು ಒಳಮೈಗೆ ಬಂದು ಮುಟ್ಟಲು ಆರೇಳು ಗಂಟೆ ಬೇಕು.

ಹಾಳೆಯನ್ನು ಒಳಗೆ ಅಂಟಿಸಿದರೆ ಗೋಡೆ ಕಾಯುವುದು ತಪ್ಪುವುದಿಲ್ಲ. ಆ ಶಾಖ ತಾರಸಿ, ತೊಲೆಗಳ ಮೂಲಕ ದಾರಿ ಹುಡುಕಿಕೊಂಡು ಬರುತ್ತದೆ. ಹೊರಗೆ ಅಂಟಿಸಿದರೆ ಇಟ್ಟಿಗೆಯೇ ಅಷ್ಟಾಗಿ ಕಾಯುವುದಿಲ್ಲ. ಬೆಳಗಿನ ಜಾವ ಕಿಟಕಿ ತೆರೆದಿಟ್ಟರೆ ತಣಿದ ಗೋಡೆ ಹಗಲಿನಲ್ಲಿ ಕೋಣೆಯನ್ನು ತಂಪಾಗಿಡಲು ನೆರವಾಗುತ್ತದೆ.

50 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಹಾಳೆ ಶಾಖ ತಡೆಯುವುದರಲ್ಲಿ ಸುಮಾರು ಒಂದು ಮೀಟರ್ ದಪ್ಪದ ಇಟ್ಟಿಗೆಗೆ ಸಮ; ಅದರೊಳಗೆ ಅಲುಗಾಡದೆ ನಿಂತ ಗಾಳಿಯೇ ಇದಕ್ಕೆ ಕಾರಣ. ಕಟ್ಟಡಕ್ಕೆಂದೇ ಮಾಡಿದ ಗಟ್ಟಿ ಹಾಳೆ ಬೇಕು, ಟಿವಿ ಡಬ್ಬದಲ್ಲಿ ಬರುವಂಥದ್ದಲ್ಲ. ಅಂಟು ಬಳಿದು, ಪ್ಲಾಸ್ಟಿಕ್ ಮೊಳೆ ಬಡಿದು, ಮೇಲೆ ಫೈಬರ್ ಜಾಲರಿ ಹೊದಿಸಿ ಗಾರೆ ಮಾಡುತ್ತಾರೆ. ಹಾಳೆಗಳ ನಡುವೆ ಸಂದು ಬಿಡಲು ಖಂಡಿತ ಒಪ್ಪಬೇಡಿ. ಥರ್ಮಾಕೋಲಿಗೆ ಬೆಂಕಿ ಬೇಗ ಹಿಡಿಯುತ್ತದೆ. ಬಹುಮಹಡಿ ಕಟ್ಟಡವಾದರೆ ಉರಿಯದ ರಾಕ್‌ವೂಲ್, ಅಂದರೆ ಕಲ್ಲನ್ನು ಕರಗಿಸಿ ತೆಗೆದ ನಾರಿನ ಹಾಳೆಯನ್ನೇ ಕೇಳಿ. ಗೋಡೆಯಲ್ಲಿ ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಒಂದೇ ಅಂತಸ್ತಿನ ಮನೆಯಾದರೆ ಮಾತ್ರ ಹಣವನ್ನು ಮೊದಲು ತಾರಸಿಗೆ ಹಾಕಿ. ಬೇಸಿಗೆಯಲ್ಲಿ ಅತಿ ಹೆಚ್ಚು ಬಿಸಿಲು ಬೀಳುವುದು ಅದರ ಮೇಲೆಯೇ.