ಅಪ್ಪನ ದನಿ ಕೇಳುತ್ತದೆ ಅನ್ನುವವನ ಹತ್ತಿರ ಏನು ಮಾತಾಡುವುದು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ. ಮಾವ ತೀರಿಹೋಗಿ ವರ್ಷ ಆಗುತ್ತಾ ಬಂತು. ಕೆಲವು ತಿಂಗಳಿಂದ ಮೈದುನನಿಗೆ, ಗುಡ್ಡ ಕೊರೆದು ನೀರು ತೆಗೆದ ಸುರಂಗದ ಕಡೆಯಿಂದ ಅವರ ದನಿ ಕೇಳುತ್ತದಂತೆ, ‘ತೋಟಕ್ಕೆ ನೀರು ಬಿಡು’ ಅಂತ. ರಾತ್ರಿ ಎದ್ದು ಹೋಗುತ್ತಾನೆ. ಡಾಕ್ಟರು ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರಬಹುದು ಅಂದು ಮಾತ್ರೆ ಕೊಟ್ಟಿದ್ದಾರೆ. ಅತ್ತೆ, ದೈವದ ಕೋಲ (ಭೂತಾರಾಧನೆ) ಬಾಕಿ ಇದೆ, ಅಲ್ಲಿವರೆಗೆ ಮಾತ್ರೆ ಬೇಡ ಅನ್ನುತ್ತಾರೆ. ಅವನು ‘ನನಗೆ ಕಾಯಿಲೆ ಇಲ್ಲ’ ಅನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ಯಾರು ಸರಿ ಅಂತ ತೀರ್ಮಾನ ಆಗುವವರೆಗೆ ಕಾಯಬೇಡಿ ತಾಯಿ. ಅದು ಕೆಲವು ಮನೆಗಳಲ್ಲಿ ಎಂದೂ ಆಗುವುದಿಲ್ಲ. ಮೊದಲು ಮೈದುನನ ಹತ್ತಿರ ಕೂತು ಕೇಳಿ: ಅಪ್ಪ ನೀರಿನ ವಿಷಯ ಬಿಟ್ಟು ಬೇರೆ ಏನಾದರೂ ಹೇಳುತ್ತಾರಾ? ಬೈಯುತ್ತಾರಾ? ಎಷ್ಟು ಹೊತ್ತಿಗೆ ಬರುತ್ತಾರೆ? ನೀರು ಬಿಡದಿದ್ದರೆ ಏನಾಗುತ್ತದೆ? ನಾನು ಆಸ್ಪತ್ರೆ ವಾರ್ಡಿನಲ್ಲಿ ಸಮಾಜ ಕಾರ್ಯಕರ್ತನಾಗಿದ್ದಾಗ ಕಂಡಿದ್ದೇನೆ, ಇದನ್ನು ಯಾರೂ ಕೇಳಿರುವುದಿಲ್ಲ. ‘ದನಿ ಕೇಳ್ತದಾ? ಹೌದು’ ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತಾಪತ್ರಯ. ಡಾಕ್ಟರು ಮಲಯಾಳದವರು, ರೋಗಿ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡುವವ. ಅವನು ಹತ್ತು ನಿಮಿಷ ಹೇಳಿದ್ದನ್ನು ಜೊತೆಗೆ ಬಂದ ಅಣ್ಣ ‘ಏನೇನೋ ಹೇಳ್ತಾನೆ ಸಾರ್’ ಅಂತ ಮುಗಿಸಿಬಿಡುತ್ತಾನೆ. ಮುಂದಿನ ಸಲ ನೀವೇ ಹೋಗಿ. ಅವನು ಹೇಳಿದ್ದನ್ನು ಅವನ ಮಾತಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಮಾರಿಯಸ್ ರೋಮ್ ಅಂತ ಒಬ್ಬ ಮನೋವೈದ್ಯರು 1987ರಲ್ಲಿ ಟಿವಿಯಲ್ಲಿ ಕೂತು, ದನಿ ಕೇಳುವವರು ಫೋನ್ ಮಾಡಿ ಅಂದರು. ನೂರಾರು ಜನ ಮಾಡಿದರು. ಅವರಲ್ಲಿ ಎಷ್ಟೋ ಜನ ವೈದ್ಯರ ಮೆಟ್ಟಿಲು ಹತ್ತದೆ ಬದುಕು ನಡೆಸುತ್ತಿದ್ದರು! ಅಲ್ಲಿಂದ ದನಿ ಕೇಳುವವರು ತಮ್ಮತಮ್ಮಲ್ಲೇ ಕೂಡಿ ಮಾತಾಡುವ ಗುಂಪುಗಳು ಹಲವು ದೇಶಗಳಲ್ಲಿ ಹುಟ್ಟಿಕೊಂಡವು. ದನಿಯನ್ನು ಓಡಿಸುವುದಕ್ಕಿಂತ ಅದರ ಜೊತೆ ಹೇಗಿರುವುದು ಅನ್ನುವುದು ಅವರ ಲೆಕ್ಕ.

ಅಮೆರಿಕದ ಮಾನವಶಾಸ್ತ್ರಜ್ಞೆ ಟಾನ್ಯಾ ಲೂರ್ಮನ್ ಅವರ ತಂಡ ಚೆನ್ನೈ, ಘಾನಾದ ಅಕ್ರಾ, ಕ್ಯಾಲಿಫೋರ್ನಿಯಾ ಮೂರೂ ಕಡೆ ದನಿ ಕೇಳುವ ತಲಾ 20 ರೋಗಿಗಳನ್ನು ಮಾತಾಡಿಸಿತು. ಅಮೆರಿಕದವರಿಗೆ ಜಾಸ್ತಿ ಕೇಳಿಸಿದ್ದು ಹೊಡಿ, ಬಡಿ. ಚೆನ್ನೈಯ ಹಲವರಿಗೆ ಕೇಳಿಸಿದ್ದು ಮನೆಯವರದೇ ದನಿ: ಅಡುಗೆ ಮಾಡು, ಸ್ನಾನ ಮಾಡು ಅಂತ. ನಿಮ್ಮ ಮಾವನ ನೀರಿನ ಮಾತಿನ ಹಾಗೇ, ಅಲ್ವಾ? ಆದರೆ ಆ ಚೆನ್ನೈಯವರೂ ಕಾಯಿಲೆ ಇದ್ದವರೇ. ದನಿ ಒಳ್ಳೆಯದು ಹೇಳುತ್ತದೆ ಅಂದಮಾತ್ರಕ್ಕೆ ಔಷಧಿ ಬೇಡ ಅಂತ ಆಗುವುದಿಲ್ಲ. ಹಾಗೇ, ಸತ್ತವರ ದನಿ ಕೇಳಿದ ಮಾತ್ರಕ್ಕೆ ಸ್ಕಿಜೋಫ್ರೇನಿಯಾ ಅಂತಲೂ ಅಲ್ಲ. ಹತ್ತಿರದವರು ಹೋದ ಮೇಲೆ ಅದು ಬಹಳ ಜನಕ್ಕೆ ಆಗುತ್ತದೆ. ನಿದ್ದೆಗೆಟ್ಟರೂ, ಕುಡಿತ ತಟ್ಟನೆ ನಿಲ್ಲಿಸಿದರೂ ದನಿ ಕೇಳಿಸಬಹುದು. ನಿಮ್ಮ ಡಾಕ್ಟರು ‘ಇರಬಹುದು’ ಅಂದಿದ್ದಾರಲ್ಲ, ಅದು ನನಗೆ ಹಿಡಿಸಿತು. ನಿಮ್ಮ ಚೀಟಿ ನೋಡಿದರೆ ಅವರಿಗೂ ಇನ್ನಷ್ಟು ಗೊತ್ತಾದೀತು.

ಕೋಲ ಕೊಡಿ, ಅದಕ್ಕೆ ನನ್ನ ತಕರಾರಿಲ್ಲ. ಊರೆಲ್ಲ ಸೇರುತ್ತದೆ, ದೈವ ಅವನ ಹೆಸರು ಹಿಡಿದು ಮಾತಾಡಿಸುತ್ತದೆ. ಅಷ್ಟು ಹೊತ್ತು ಅವನ ಮಾತು ಕೇಳುವವರು ಬೇರೆ ಯಾರಿದ್ದಾರೆ? (ಮೂರು ಮೂರು ಕಡೆ ಜ್ಯೋತಿಷ್ಯದ ಪ್ರಶ್ನೆ ಇಡಿಸಿ ಸಾಲ ಮಾಡುವುದು ಬೇರೆ ಮಾತು.) ಆದರೆ ಕೋಲಕ್ಕಾಗಿ ಮಾತ್ರೆ ನಿಲ್ಲಿಸಬೇಡಿ. ಅಡ್ಡ ಪರಿಣಾಮ ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ ಕಡಿಮೆ ಮಾಡಿಸಿಕೊಳ್ಳಿ. ತಟ್ಟನೆ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರಬಹುದು. ಕಟ್ಟಿಹಾಕುವ ಮಾತಂತೂ ಯಾರೂ ಎತ್ತಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ತಮಿಳುನಾಡಿನ ಏರವಾಡಿಯಲ್ಲಿ 2001ರಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಕಡೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು.

ದನಿ ‘ನೀನೂ ಬಾ’ ಅಂತ ಕರೆಯತೊಡಗಿದರೆ, ಸಾಯುವ ಮಾತು ಬಂದರೆ, ಅಥವಾ ಅವನು ಊಟ ಬಿಟ್ಟರೆ, ಬೆಳಗಾಗಲಿ ಅಂತ ಕೂರಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬನನ್ನೇ ಬಿಡಬೇಡಿ. ಸುಮ್ನೆ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಯಾವ ಹೊತ್ತಿಗೂ ಸಿಗುತ್ತಾರೆ. ಕನ್ನಡ ಬೇಕು ಅಂತ ಕೇಳಿ.